ಹಳೆಯ ಲೇತ್ ಕೊಳ್ಳುವುದಾದರೆ: ಎಚ್‌ಎಂಟಿಯೇ, ಕಿರ್ಲೋಸ್ಕರೇ, ಬೆಲ್ಟ್ ಲೇತೇ?

ಗುಜರಿ ಅಂಗಳದಲ್ಲಿ ಮಳೆಗೆ ನೆನೆಯುತ್ತ ನಿಂತಿರುವ, ಲೋಹದ ತುಂಡನ್ನು ತಿರುಗಿಸುತ್ತ ಕಡೆಯುವ ಹಳೆಯ ಲೇತ್‌ಗೆ ಬಹುಮಟ್ಟಿಗೆ ತೂಕದ ಲೆಕ್ಕದಲ್ಲೇ ಬೆಲೆ ಕಟ್ಟುತ್ತಾರೆ. ಹೊಸ ಯಂತ್ರದ ದರಪಟ್ಟಿ ನೋಡಿ ಬಂದವರಿಗೆ ಆ ಬೆಲೆ ಕೇಳಿದಾಗ ಆಸೆ ಹುಟ್ಟುವುದು ಸಹಜ. ಆಮೇಲೆ ಗೊಂದಲ ಶುರುವಾಗುತ್ತದೆ. ಒಂದು ಕಡೆ ಎಚ್‌ಎಂಟಿ, ಇನ್ನೊಂದು ಕಡೆ ಹರಿಹರದ ಕಿರ್ಲೋಸ್ಕರ್, ಮೂಲೆಯಲ್ಲಿ ಪಂಜಾಬಿನಿಂದ ಬಂದ ಬೆಲ್ಟ್ ಲೇತ್. ಪರಿಚಯದವರೊಬ್ಬರ ಮನೆಯಲ್ಲಿ ಇಂಗ್ಲೆಂಡಿನ ಪುಟ್ಟ ಮೈಫೋರ್ಡ್ ಇದೆ ಎಂಬ ಸುದ್ದಿ ಬೇರೆ. ‘ಯಾವುದನ್ನು ಕೊಳ್ಳಲಿ?’ ಎಂದು ಕೇಳುವವರು ಅದರ ಬೆನ್ನಿಗೇ ‘ಯಾವುದಕ್ಕೆ ಬಿಡಿಭಾಗ ಸಿಗುತ್ತದೆ?’ ಎಂದೂ ಕೇಳುತ್ತಾರೆ. ನನ್ನ ಪ್ರಕಾರ ಮೊದಲು ಕೇಳಬೇಕಾದದ್ದು ಈ ಎರಡನೆಯ ಪ್ರಶ್ನೆಯನ್ನೇ. ಅದನ್ನು ಕೇಳುವಾಗ ಒಂದು ವ್ಯತ್ಯಾಸವನ್ನು ಗಮನದಲ್ಲಿಟ್ಟುಕೊಳ್ಳಬೇಕು: ನಿಮ್ಮ ಎದುರಿಗಿರುವ ಯಂತ್ರದ ಭಾಗ ಒಡೆದಿದೆಯೋ, ಸವೆದಿದೆಯೋ? ಎರಡಕ್ಕೂ ಹಿಡಿಯಬೇಕಾದ ದಾರಿ ಬೇರೆ, ಖರ್ಚೂ ಬೇರೆ.

ಏನನ್ನು ನೋಡಬೇಕು

ಎಲ್ಲಕ್ಕಿಂತ ಮೊದಲು ಬೆಡ್, ಎಂದರೆ ಇಡೀ ಯಂತ್ರಕ್ಕೆ ಆಧಾರವಾದ ಉದ್ದನೆಯ ಹಳಿ. ಲೇತ್‌ನಲ್ಲಿ ಹೆಚ್ಚಿನ ಕೆಲಸ, ತುಂಡನ್ನು ಹಿಡಿದು ತಿರುಗಿಸುವ ಚಕ್‌ನ ಹತ್ತಿರದ ಒಂದಡಿ ಜಾಗದಲ್ಲೇ ನಡೆಯುವುದರಿಂದ ಬೆಡ್ ಸವೆಯುವುದೂ ಅಲ್ಲೇ. ಎದುರು ಬದಿಯಿಂದ ತುಂಡಿಗೆ ಆಸರೆ ಕೊಡುವ ಟೇಲ್‌ಸ್ಟಾಕ್ ಕಡೆಯ ತುದಿ ಹೊಸದರಂತೆ ಉಳಿದಿರುತ್ತದೆ. ಇದನ್ನು ಪರೀಕ್ಷಿಸಲು ಉಪಕರಣವೂ ಬೇಕಿಲ್ಲ. ಕತ್ತರಿಸುವ ಹತ್ಯಾರನ್ನು ಹೊತ್ತು ಬೆಡ್ ಮೇಲೆ ಜಾರುವ ಕ್ಯಾರೇಜನ್ನು ಚಕ್ ಹತ್ತಿರಕ್ಕೆ ತಂದು, ಸ್ವಲ್ಪ ತಡೆದು ತಡೆದು ಚಲಿಸುವಷ್ಟು ಮಾತ್ರ ಅದರ ಲಾಕ್ ಬೋಲ್ಟನ್ನು ಬಿಗಿ ಮಾಡಿ. ಆಮೇಲೆ ಕೈಚಕ್ರ ತಿರುಗಿಸುತ್ತ ಟೇಲ್‌ಸ್ಟಾಕ್ ಕಡೆಗೆ ನಡೆಸಿ. ಕೊನೆಯವರೆಗೂ ಒಂದೇ ಬಿಗಿಯಲ್ಲಿ ಹೋದರೆ ಬೆಡ್ ಒಳ್ಳೆಯದಿದೆ. ಅರ್ಧ ದಾರಿಯಲ್ಲೇ ಕಚ್ಚಿಕೊಂಡು ನಿಂತರೆ ಚಕ್ ಹತ್ತಿರ ಬೆಡ್ ಚೆನ್ನಾಗಿ ಸವೆದಿದೆ.

ಸವೆದ ಬೆಡ್ಡನ್ನು ಗ್ರೈಂಡ್ ಮಾಡಿಸಬಹುದು. ಉದ್ದದ ಬೆಡ್ ಗ್ರೈಂಡಿಂಗ್ ಯಂತ್ರ ಇರುವವರು ಬೆಂಗಳೂರು, ಕೊಯಮತ್ತೂರಿನಂಥ ಊರುಗಳಲ್ಲಿ ಸಿಗುತ್ತಾರೆ. ಆದರೆ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಗ್ರೈಂಡ್ ಮಾಡಿದಷ್ಟೂ ಕ್ಯಾರೇಜ್ ಕೆಳಗಿಳಿಯುತ್ತದೆ. ಅದರೊಂದಿಗೆ ಅದರ ಮುಂಭಾಗದ ಪೆಟ್ಟಿಗೆಯಾದ ಏಪ್ರನ್ ಇಳಿದು, ಥ್ರೆಡ್ ಹಾಕುವಾಗ ಕ್ಯಾರೇಜನ್ನು ನಡೆಸುವ ಲೀಡ್ ಸ್ಕ್ರೂವಿಗೂ ಗಿಯರ್ ಬಾಕ್ಸ್‌ಗೂ ಹೊಂದಾಣಿಕೆ ತಪ್ಪುತ್ತದೆ. ಇಳಿದ ಎತ್ತರವನ್ನು ತುಂಬಿಕೊಡಲು ಕ್ಯಾರೇಜಿನ ಅಡಿಗೆ ಟರ್ಸೈಟ್‌ನಂಥ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಉಬ್ಬಿದ ಜಾಗಗಳು ಕಾಣುವಂತೆ ನೀಲಿ ಬಣ್ಣ ಹಚ್ಚಿ, ಅವನ್ನು ಕೆರೆದು ತೆಗೆಯುವ ಸ್ಕ್ರೇಪಿಂಗ್ ಮಾಡಬೇಕು. ಕೈಯಿಂದ ಸ್ಕ್ರೇಪಿಂಗ್ ಬಲ್ಲ ಫಿಟ್ಟರ್‌ಗಳು ಈಗ ವಿರಳ. ಇದಕ್ಕೆ ಸಾಗಣೆಯ ಖರ್ಚೂ ಸೇರಿದರೆ ಲೇತ್ ಕೊಂಡದ್ದಕ್ಕಿಂತ ಬೆಡ್ ರಿಪೇರಿಯೇ ದುಬಾರಿಯಾಗಬಹುದು. ಹೀಗಾಗಿ ಬೆಡ್ ಕೆಟ್ಟಿದ್ದರೆ, ನಾಮಫಲಕದಲ್ಲಿ ಯಾವ ಹೆಸರೇ ಇರಲಿ, ಬಿಟ್ಟುಬರುವುದು ಲೇಸು.

ಎರಡನೆಯದು ಸ್ಪಿಂಡಲ್, ಎಂದರೆ ಚಕ್ಕನ್ನು ತಿರುಗಿಸುವ ಮುಖ್ಯ ಶಾಫ್ಟ್. ಸ್ಪಿಂಡಲ್ ಮೂತಿಯ ಮೇಲೆ, ಸೂಕ್ಷ್ಮ ಅಲುಗಾಟವನ್ನು ಮುಳ್ಳಿನಿಂದ ತೋರಿಸುವ ಡಯಲ್ ಗೇಜ್ ಇಟ್ಟು ಕೈಯಿಂದ ತಿರುಗಿಸಿ. ಹೊಸ ಲೇತ್‌ನಲ್ಲಿ ಮುಳ್ಳು ಸಾಮಾನ್ಯವಾಗಿ 0.01 ಮಿ.ಮೀ. ಒಳಗೇ ಆಡಬೇಕು. ಬಳಿಕ ಚಕ್ ಅಡಿಗೆ ಮರದ ತುಂಡು ಕೊಟ್ಟು ಮೇಲಕ್ಕೆ ಎತ್ತಿ ನೋಡಿ. ಮುಳ್ಳು ಜಿಗಿದರೆ ಬೇರಿಂಗ್ ಸಡಿಲವಿದೆ ಎಂದರ್ಥ. ಬಿಗಿ ಮಾಡಿದರೆ ಸರಿಹೋಗುವ ಸಡಿಲವೂ ಇದೆ, ಬೇರಿಂಗನ್ನೇ ಬದಲಿಸಬೇಕಾದ ಸಡಿಲವೂ ಇದೆ. ಸ್ಪಿಂಡಲ್ ಬೇರಿಂಗ್‌ಗೆ ಮಾಮೂಲಿ ದರ್ಜೆಯದು ಸಾಲದು, ಪಿ5 ಅಥವಾ ಅದಕ್ಕಿಂತ ನಿಖರವಾದದ್ದು ಬೇಕು. ಅದರ ಬೆಲೆಯೂ ಮಾಮೂಲಿಯಾಗಿರುವುದಿಲ್ಲ.

ಇನ್ನು ಉಳಿದವು: ಏನೇನು ಕಾಣೆಯಾಗಿದೆ, ಯಂತ್ರ ನಿಮ್ಮ ಬಾಗಿಲಿನೊಳಗೆ ಬರುತ್ತದೆಯೇ, ಮನೆಯಲ್ಲಿ ತ್ರೀ ಫೇಸ್ ಇದೆಯೇ, ಮತ್ತು ನೀವು ಮಾಡಲಿರುವ ಕೆಲಸ ಯಾವುದು.

ಯಂತ್ರ ಎಲ್ಲಿ ದುಡಿಯಿತು ಎಂಬುದನ್ನೂ ಮರೆಯದೆ ಕೇಳಿ. ಐಟಿಐ, ಪಾಲಿಟೆಕ್ನಿಕ್‌ಗಳಿಂದ ಬಂದ ಲೇತ್ ಹೆಚ್ಚು ಹೊತ್ತು ಓಡಿರುವುದಿಲ್ಲ, ಆದರೆ ಕಲಿಯುವ ಹುಡುಗರ ಕೈಯಲ್ಲಿ ಪೆಟ್ಟು ತಿಂದಿರುತ್ತದೆ. ಗಿಯರ್ ಹಲ್ಲು ಮುರಿದಿರುತ್ತದೆ, ಹಿಡಿಕೆ ತುಂಡಾಗಿರುತ್ತದೆ, ಹತ್ಯಾರು ಕೂರುವ ಕಾಂಪೌಂಡ್ ಸ್ಲೈಡ್‌ಗೆ ಚಕ್‌ನ ಜಾ (ತುಂಡನ್ನು ಕಚ್ಚಿ ಹಿಡಿಯುವ ಭಾಗ) ಬಡಿದ ಗಾಯವಿರುತ್ತದೆ. ಎರಡು ಪಾಳಿ ಓಡಿದ ಕಾರ್ಖಾನೆಯ ಲೇತ್‌ನಲ್ಲಿ ಒಂದು ಹಲ್ಲೂ ಮುರಿದಿರುವುದಿಲ್ಲ, ಆದರೆ ಎಲ್ಲವೂ ಸವೆದಿರುತ್ತದೆ. ಪುನಶ್ಚೇತನಕ್ಕೆ ನಾನು ಮೊದಲನೆಯದನ್ನೇ ಆರಿಸುತ್ತೇನೆ.

ಎಚ್‌ಎಂಟಿ

1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಹಯೋಗದೊಂದಿಗೆ ಬೆಂಗಳೂರಿನಲ್ಲಿ ಹುಟ್ಟಿದ ಎಚ್‌ಎಂಟಿ ಮೊದಲು ತಯಾರಿಸಿದ್ದು ಗಡಿಯಾರವನ್ನಲ್ಲ, ಲೇತನ್ನು. ಎಚ್22, ಎಲ್‌ಬಿ17, ನಂತರದ ಎನ್‌ಎಚ್22, ಎನ್‌ಎಚ್26 ಹೀಗೆ ಮಾದರಿಗಳು ಹಲವು. ಎನ್‌ಎಚ್ ಸರಣಿ ಕೇರಳದ ಕಳಮಶ್ಶೇರಿಯಲ್ಲಿ ತಯಾರಾಯಿತು. ಹೆಸರಿನಲ್ಲಿರುವ ಅಂಕಿ ಸೆಂಟರ್ ಎತ್ತರವನ್ನು, ಎಂದರೆ ಬೆಡ್‌ನಿಂದ ಸ್ಪಿಂಡಲ್‌ನ ನಡುವಿನವರೆಗಿನ ಎತ್ತರವನ್ನು, ಸೆಂಟಿಮೀಟರಿನಲ್ಲಿ ಹೇಳುತ್ತದೆ: 22 ಎಂದರೆ 220 ಮಿ.ಮೀ.

ಬಿಡಿಭಾಗದ ದೃಷ್ಟಿಯಿಂದ ಇದರ ದೊಡ್ಡ ಬಲವೆಂದರೆ ಸಂಖ್ಯೆ. ಸಾರ್ವಜನಿಕ ಉದ್ಯಮಗಳು, ರೈಲ್ವೆ ಕಾರ್ಯಾಗಾರಗಳು, ತರಬೇತಿ ಸಂಸ್ಥೆಗಳು ಎಲ್ಲವೂ ಇವನ್ನೇ ಕೊಂಡವು. ಹೀಗಾಗಿ ಗುಜರಿಗೆ ಬರುವ ಅದೇ ಮಾದರಿಯ ಯಂತ್ರಗಳೂ ಹೆಚ್ಚು, ಅವನ್ನು ಬಿಚ್ಚಿ ಜೋಡಿಸಿ ಪಳಗಿದ ಮೆಕ್ಯಾನಿಕ್‌ಗಳೂ ಹೆಚ್ಚು. ಭಾಗಗಳ ಸಂಖ್ಯೆ ಸಮೇತ ಚಿತ್ರಗಳಿರುವ ಕೈಪಿಡಿಯ ನಕಲು ಹುಡುಕಿದರೆ ಸಿಗುತ್ತದೆ. ಬಿಡಿಭಾಗದ ಬೇಟೆಗೆ ಹೊರಟವರಿಗೆ ಇದಕ್ಕಿಂತ ಉಪಯುಕ್ತವಾದ ಕಾಗದ ಇನ್ನೊಂದಿಲ್ಲ.

ತೊಡಕು ಗಾತ್ರದ್ದು. 22ರ ಗಾತ್ರದ ಲೇತ್ ಟನ್ನಿಗೂ ಮೀರಿ ತೂಗುತ್ತದೆ. ಕ್ರೇನ್ ಬೇಕು, ಗಟ್ಟಿ ಕಾಂಕ್ರೀಟ್ ನೆಲ ಬೇಕು, ತ್ರೀ ಫೇಸ್ ಸಂಪರ್ಕ ಬೇಕು. ಸ್ಪಿಂಡಲ್ ಇರುವ ಪೆಟ್ಟಿಗೆಯಾದ ಹೆಡ್‌ಸ್ಟಾಕ್ ಪೂರ್ತಿ ಗಿಯರುಗಳದ್ದು. ಒಳಗೆ ಒಂದು ಗಿಯರ್ ಹೋಗಿದ್ದರೆ ಅದನ್ನು ತಲುಪಲು ಶಾಫ್ಟುಗಳನ್ನೆಲ್ಲ ಕಳಚಬೇಕು. ಇದರ ಮೇಲೆ ಜಾಬ್ (ಗಿರಾಕಿಗಳು ಕೊಡುವ ಕೆಲಸ) ಮಾಡಿ ಸಂಪಾದಿಸುವ ಉದ್ದೇಶವಿದ್ದವರಿಗೆ ಈ ಶ್ರಮಕ್ಕೆ ಬೆಲೆ ಬರುತ್ತದೆ. ಭಾನುವಾರದ ಹವ್ಯಾಸಕ್ಕಾದರೆ ಹೊರೆ.

ಮೈಸೂರು ಕಿರ್ಲೋಸ್ಕರ್

1941ರಲ್ಲಿ ಹರಿಹರದಲ್ಲಿ ನೆಲೆಗೊಂಡ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ‘ಎಂಟರ್‌ಪ್ರೈಸ್’, ‘ಟರ್ನ್‌ಮಾಸ್ಟರ್’ ಲೇತ್‌ಗಳನ್ನು ತಿಳಿಯದ ಟರ್ನರ್ ನಮ್ಮ ಕಡೆ ಇರಲಿಕ್ಕಿಲ್ಲ. ಕಾರ್ಖಾನೆಯ ಸುತ್ತ ಬೆಳೆದ ಬಡಾವಣೆಗೆ ಯಂತ್ರಪುರ ಎಂಬ ಹೆಸರೇ ಬಂತು. ಕಾರ್ಖಾನೆ ಮುಚ್ಚಿ ಎರಡು ದಶಕವಾಗಿದೆ. ಎಂದರೆ ಮೂಲ ತಯಾರಕರಿಂದ ಬಿಡಿಭಾಗ ಬರುವ ಬಾಗಿಲು ಮುಚ್ಚಿದೆ.

ಇಷ್ಟಾದರೂ ಈ ಲೇತನ್ನು ನಾನು ತಳ್ಳಿಹಾಕುವುದಿಲ್ಲ. ಎಂಟರ್‌ಪ್ರೈಸ್‌ನಂಥ ಮಾದರಿ ಸಣ್ಣ ಕಾರ್ಯಾಗಾರಕ್ಕೆ ಹೇಳಿ ಮಾಡಿಸಿದ ಗಾತ್ರದ್ದು, ಅದರ ಬೀಡು ಕಬ್ಬಿಣದ ಗುಣವನ್ನು ಹಳೆಯ ಟರ್ನರ್‌ಗಳು ಇಂದಿಗೂ ಹೊಗಳುತ್ತಾರೆ. ದಾವಣಗೆರೆ, ಹರಿಹರ, ಹುಬ್ಬಳ್ಳಿ ಸುತ್ತಮುತ್ತ ಈ ಯಂತ್ರಗಳ ಒಳಹೊರಗು ಬಲ್ಲವರು ಇನ್ನೂ ಇದ್ದಾರೆ. ಅಂಥವರೊಬ್ಬರು ಜೊತೆಗಿದ್ದರೆ ಕಾರ್ಖಾನೆ ಇಲ್ಲದ ಕೊರತೆ ಅರ್ಧದಷ್ಟು ನೀಗುತ್ತದೆ. ಆದರೆ ಒಂದು ಷರತ್ತು: ಯಂತ್ರ ಪೂರ್ತಿ ಇರಬೇಕು. ಸವೆದ ಗಿಯರನ್ನು ಮುಂದಿಟ್ಟುಕೊಂಡು ಹೊಸದನ್ನು ಮಾಡಿಸಬಹುದು. ಇಲ್ಲದ ಗಿಯರನ್ನು ಅಳೆಯುವುದು ಹೇಗೆ? ಫೀಡ್ ಗಿಯರ್ ಬಾಕ್ಸ್ ಖಾಲಿಯಾಗಿರುವ ಕಿರ್ಲೋಸ್ಕರ್ ಎಷ್ಟು ಅಗ್ಗವಾಗಿ ಬಂದರೂ ಬೇಡ.

ಲೀಡ್ ಸ್ಕ್ರೂ ಇಂಚಿನದೋ ಮಿಲಿಮೀಟರಿನದೋ ಎಂಬುದನ್ನು ಹಳೆಯ ಕಿರ್ಲೋಸ್ಕರ್‌ನಲ್ಲಿ ವಿಶೇಷವಾಗಿ ನೋಡಬೇಕು. ಇಂಚಿನ ಲೀಡ್ ಸ್ಕ್ರೂ ಇದ್ದರೆ ಮೆಟ್ರಿಕ್ ಥ್ರೆಡ್ ಹಾಕಲು 127 ಹಲ್ಲಿನ ಗಿಯರ್ ಬೇಕಾಗುತ್ತದೆ. ಒಂದು ಇಂಚಿಗೆ 25.4 ಮಿ.ಮೀ., ಅದರ ಐದು ಪಟ್ಟು 127, ಲೆಕ್ಕ ಇಷ್ಟೇ. ಅದು ಸಿಗದಿದ್ದರೆ, ಅಥವಾ ಅಷ್ಟು ದೊಡ್ಡ ಗಿಯರ್ ಕೂರಲು ಜಾಗವಿಲ್ಲದಿದ್ದರೆ, 63 ಹಲ್ಲಿನದನ್ನು ಬಳಸಿ ಹತ್ತಿರದ ಅನುಪಾತ ಹೊಂದಿಸಬಹುದು. ಅದರಿಂದ ಬರುವ ತಪ್ಪು ಹತ್ತು ಸಾವಿರಕ್ಕೆ ಒಂದೂಕಾಲು ಭಾಗದಷ್ಟು. ಬೋಲ್ಟು ನಟ್ಟಿಗೆ ಅದು ಲೆಕ್ಕಕ್ಕೇ ಬಾರದು.

ಪಂಜಾಬಿನ ಬಟಾಲಾ, ಗುಜರಾತಿನ ರಾಜ್‌ಕೋಟ್‌ಗಳ ಬೆಲ್ಟ್ ಲೇತ್

ಮೆಟ್ಟಿಲು ಮೆಟ್ಟಿಲಾದ ಪುಲ್ಲಿ, ಪಟ್ಟೆ ಬೆಲ್ಟ್, ವೇಗ ತಗ್ಗಿಸುವ ಬ್ಯಾಕ್ ಗಿಯರ್, ಗನ್‌ಮೆಟಲ್ (ತಾಮ್ರದ ಮಿಶ್ರಲೋಹ) ಬುಷ್‌ನಲ್ಲಿ ತಿರುಗುವ ಸ್ಪಿಂಡಲ್. ಹಳ್ಳಿಯ ಪಂಪ್ ರಿಪೇರಿ ಅಂಗಡಿಯಲ್ಲಿ ಕಾಣುವುದು ಇದೇ. ನಿಖರತೆಯಲ್ಲಿ ಮೇಲಿನ ಎರಡಕ್ಕೂ ಸಾಟಿಯಲ್ಲ. ಎರಕದ ಗುಣವೂ ಒಂದೊಂದರಲ್ಲಿ ಒಂದೊಂದು ಬಗೆ, ಒಂದರ ಭಾಗ ಇನ್ನೊಂದಕ್ಕೆ ಕೂರುತ್ತದೆಂಬ ಖಾತ್ರಿಯೂ ಇಲ್ಲ.

ಆದರೆ ರಿಪೇರಿ ಕಲಿಯಲು ಇಷ್ಟು ಒಳ್ಳೆಯ ಯಂತ್ರ ಬೇರೆ ಇಲ್ಲ. ಎಲ್ಲವೂ ಕಣ್ಣಿಗೆ ಕಾಣುತ್ತದೆ, ಸಾಮಾನ್ಯ ಸ್ಪ್ಯಾನರ್‌ಗೆ ಬಿಚ್ಚುತ್ತದೆ. ಬುಷ್ ಸವೆದರೆ ಗನ್‌ಮೆಟಲ್ ತುಂಡು ತಂದು ಪಕ್ಕದ ಲೇತ್‌ನಲ್ಲೇ ತಿರುಗಿಸಿಕೊಳ್ಳಬಹುದು. ಮುರಿದ ಬ್ರಾಕೆಟ್‌ಗೆ ಬಡಗಿಯಿಂದ ಮರದ ಪ್ಯಾಟರ್ನ್ ಮಾಡಿಸಿದರೆ ಬೆಳಗಾವಿಯ ಉದ್ಯಮಬಾಗ್ ಅಥವಾ ಶಿವಮೊಗ್ಗದ ಯಾವುದಾದರೂ ಸಣ್ಣ ಫೌಂಡ್ರಿಯಲ್ಲಿ ಬೀಡಿನಲ್ಲಿ ಎರಕ ಹೊಯ್ಯಿಸಬಹುದು. ಒಂದೆರಡು ಎಚ್‌ಪಿ ಮೋಟಾರ್ ಸಾಕಾದ್ದರಿಂದ ಮನೆಯ ಸಿಂಗಲ್ ಫೇಸ್‌ನಲ್ಲೂ ಓಡುತ್ತದೆ. ಬೆಲ್ಟಿಗೂ ಬದಲಿ ಗಿಯರುಗಳಿಗೂ (ಥ್ರೆಡ್‌ನ ಅಳತೆಗೆ ತಕ್ಕಂತೆ ಬದಲಿಸಿ ಹಾಕುವ ಗಿಯರುಗಳು) ಮುಚ್ಚಳ ಇಲ್ಲದಿರುವುದು ಮಾತ್ರ ಅಪಾಯ. ಬಣ್ಣ ಬಳಿಯುವ ಮೊದಲು ಮುಚ್ಚಳ ಮಾಡಿಸಿ.

ಮೈಫೋರ್ಡ್ ಮತ್ತು ಇತರ ವಿದೇಶಿ ಲೇತ್‌ಗಳು

ನಾಟಿಂಗ್‌ಹ್ಯಾಮ್ ಬಳಿಯ ಬೀಸ್ಟನ್‌ನಲ್ಲಿ ತಯಾರಾಗುತ್ತಿದ್ದ ಮೈಫೋರ್ಡ್ ಎಂಎಲ್7 ಮೂರೂವರೆ ಇಂಚಿನ ಸೆಂಟರ್ ಎತ್ತರದ ಪುಟ್ಟ ಲೇತ್. ಮಾದರಿ ಎಂಜಿನ್ ಕಟ್ಟುವವರ, ಗಡಿಯಾರ ರಿಪೇರಿಯವರ ಮೆಚ್ಚಿನದು. 2011ರಲ್ಲಿ ಕಂಪನಿ ಕೈ ಬದಲಾಯಿಸಿದ ಮೇಲೂ ಇಂಗ್ಲೆಂಡಿನಲ್ಲಿ ಇದಕ್ಕೆ ಬಿಡಿಭಾಗಗಳು ಸಿಗುತ್ತಿವೆ. ಹಾಗೆ ನೋಡಿದರೆ ಹರಿಹರದಲ್ಲಿ ಹುಟ್ಟಿದ ಲೇತ್‌ಗಿಂತ ಇದರ ಹೊಸ ಭಾಗವನ್ನು ತರಿಸುವುದೇ ಸುಲಭ, ದುಡ್ಡಿದ್ದರೆ. ಅಂಚೆ ವೆಚ್ಚ ಮತ್ತು ಕಸ್ಟಮ್ಸ್ ಸುಂಕ ಸೇರಿದಾಗ ಸಣ್ಣ ಗಿಯರ್ ಕೂಡ ಅದರ ಮೂಲ ಬೆಲೆಯನ್ನು ಮರೆಸುತ್ತದೆ. ಇಲ್ಲೇ ಮಾಡಿಸುವವರು ಗಮನಿಸಬೇಕಾದದ್ದು, ಇದರ ಬದಲಿ ಗಿಯರುಗಳು 20 ಡಿಪಿ (ವ್ಯಾಸದ ಒಂದು ಇಂಚಿಗೆ ಇಷ್ಟು ಹಲ್ಲು ಎಂಬ ಲೆಕ್ಕ), 14.5 ಡಿಗ್ರಿ ಒತ್ತಡ ಕೋನದವು (ಹಲ್ಲಿನ ಪಕ್ಕದ ಓರೆ). ಅಮೆರಿಕದ ಸೌತ್ ಬೆಂಡ್ 9 ಇಂಚಿನದರಲ್ಲಿ 18 ಡಿಪಿ. ನಮ್ಮಲ್ಲಿ ಈಗ ಹೆಚ್ಚಾಗಿ ಬಳಕೆಯಲ್ಲಿರುವ 20 ಡಿಗ್ರಿಯ ಕಟರಿನಿಂದ ಕತ್ತರಿಸಿದ ಗಿಯರ್ ಇವುಗಳೊಂದಿಗೆ ಸರಿಯಾಗಿ ಕಚ್ಚುವುದಿಲ್ಲ. ಎಂಎಲ್7ನ ಸ್ಪಿಂಡಲ್ ಬೇರಿಂಗ್ ವೈಟ್ ಮೆಟಲ್ ಎಂಬ ಮೆತ್ತನೆಯ ಮಿಶ್ರಲೋಹದ್ದು. ಅದರ ಪದರ ಪದರದ ಶಿಮ್ (ಸಂದಿಗೆ ಕೊಡುವ ತೆಳು ತಗಡು) ಇನ್ನೂ ಉಳಿದಿದ್ದರೆ, ಒಂದೊಂದೇ ಪದರ ಸುಲಿದು ಸಡಿಲ ತೆಗೆಯಬಹುದು.

ಪಂಪ್ ಶಾಫ್ಟ್, ಟ್ರ್ಯಾಕ್ಟರ್ ಬುಷ್ ಮಾಡುವ ಯೋಚನೆ ಇದ್ದವರಿಗೆ ಇದು ಸಲ್ಲದು.

ಬಿಡಿಭಾಗಕ್ಕೆ ಯಾವ ದಾರಿ

ಈಗ ಒಡೆದದ್ದು ಮತ್ತು ಸವೆದದ್ದರ ವಿಷಯ. ಗುಜರಿಯಲ್ಲಿ ಅದೇ ಮಾದರಿಯ ಇನ್ನೊಂದು ಯಂತ್ರ ಸಿಕ್ಕರೆ ಅದರಿಂದ ಭಾಗ ಕಳಚಿಕೊಳ್ಳುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಹಿಡಿಕೆ, ಲಿವರ್, ಮುಚ್ಚಳ, ಗಿಯರ್ ಬಾಕ್ಸಿನ ಪೆಟ್ಟಿಗೆ, ಟೇಲ್‌ಸ್ಟಾಕ್‌ನ ದೇಹ ಇವೆಲ್ಲ ಅಪಘಾತದಲ್ಲಿ ಒಡೆಯುವಂಥವು. ಎರಡು ಯಂತ್ರಗಳಲ್ಲಿ ಒಂದೇ ಭಾಗ ಒಡೆದಿರುವ ಸಂಭವ ಕಡಿಮೆ. ಇವಕ್ಕೆ ಗುಜರಿಯೇ ಸರಿ. ಆದರೆ ಲೀಡ್ ಸ್ಕ್ರೂವನ್ನು ಕಚ್ಚುವ ಹಾಫ್ ನಟ್, ಹತ್ಯಾರನ್ನು ಅಡ್ಡಕ್ಕೆ ನಡೆಸುವ ಕ್ರಾಸ್ ಸ್ಲೈಡ್ ಸ್ಕ್ರೂ, ಅದರ ನಟ್ ಇಂಥವು ಪ್ರತಿಯೊಂದು ಲೇತ್‌ನಲ್ಲೂ ಒಂದೇ ಜಾಗದಲ್ಲಿ ಸವೆಯುತ್ತವೆ. ಗುಜರಿಯಲ್ಲಿ ಸಿಗುವುದು ನಿಮ್ಮದರಷ್ಟೇ ಮುದಿಯಾಗಿರುತ್ತದೆ. ಅವನ್ನು ಹೊಸದಾಗಿ ಮಾಡಿಸಬೇಕು. ಕ್ರಾಸ್ ಸ್ಲೈಡ್‌ನ ಸ್ಕ್ರೂವನ್ನೂ ಗನ್‌ಮೆಟಲ್ ನಟ್ಟನ್ನೂ ಒಟ್ಟಿಗೇ ಮಾಡಿಸಿ. ನಟ್ ಮಾತ್ರ ಹೊಸದಾದರೆ ಸ್ಕ್ರೂವಿನ ನಡುವಿನ ಸವಕಳಿ ಹಾಗೇ ಉಳಿದು, ಒಂದು ಜಾಗದಲ್ಲಿ ಸಡಿಲ, ಇನ್ನೊಂದು ಜಾಗದಲ್ಲಿ ಬಿಗಿ ಎಂಬಂತಾಗುತ್ತದೆ. ಇಂಚಿನ ಯಂತ್ರವಾದರೆ ಆಕ್ಮೆ ಥ್ರೆಡ್, ಕೋನ 29 ಡಿಗ್ರಿ. ಮೆಟ್ರಿಕ್ ಆದರೆ ಟ್ರೆಪೆಜಾಯ್ಡಲ್, 30 ಡಿಗ್ರಿ. ಎಡ ಥ್ರೆಡ್ಡೋ ಬಲ ಥ್ರೆಡ್ಡೋ ಎಂಬುದನ್ನೂ ಬರೆದುಕೊಡಿ.

ಗಿಯರ್‌ನದು ಎರಡರ ನಡುವಿನ ಸ್ಥಿತಿ. ಬದಲಿ ಗಿಯರುಗಳು ಗುಜರಿಯಲ್ಲಿ ಸಿಕ್ಕರೆ ಧಾರಾಳವಾಗಿ ಕೊಳ್ಳಬಹುದು. ಹೆಡ್‌ಸ್ಟಾಕ್ ಒಳಗಿನದನ್ನು ಮಾಡಿಸುವುದು ಮೇಲು, ಸಾಧ್ಯವಾದರೆ ಜೋಡಿಯಾಗಿ. ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಒಂದೇ ಗಿಯರ್ ಕತ್ತರಿಸಿಕೊಡುವವರು ಸಿಗುತ್ತಾರೆ, ಆದರೆ ಮಾಹಿತಿ ನೀವು ಒದಗಿಸಬೇಕು. ಹಲ್ಲು ಎಣಿಸಿ, ಹೊರ ವ್ಯಾಸ ಅಳೆಯಿರಿ. ವ್ಯಾಸವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು, ಹಲ್ಲಿನ ಸಂಖ್ಯೆಗೆ ಎರಡು ಕೂಡಿಸಿ ಬಂದ ಮೊತ್ತದಿಂದ ಭಾಗಿಸಿದರೆ ಹಲ್ಲಿನ ಗಾತ್ರ ಹೇಳುವ ಮಾಡ್ಯೂಲ್ ಬರುತ್ತದೆ. 40 ಹಲ್ಲು, 84 ಮಿ.ಮೀ. ಇದ್ದರೆ 84ನ್ನು 42ರಿಂದ ಭಾಗಿಸಿ, ಮಾಡ್ಯೂಲ್ 2. ಅದೇ 40 ಹಲ್ಲಿಗೆ ವ್ಯಾಸ 66.7 ಮಿ.ಮೀ. ಆಸುಪಾಸು ಬಂದರೆ ಮಾಡ್ಯೂಲ್ 1.59 ಎಂಬ ವಿಚಿತ್ರ ಅಂಕಿ ಸಿಗುತ್ತದೆ. ಗಾಬರಿ ಬೇಡ, ಅದು ಇಂಚಿನ ಗಿಯರ್, 16 ಡಿಪಿ. ಹಳೆಯ ಗಿಯರನ್ನೂ ಜೊತೆಗೇ ಕೊಟ್ಟುಬನ್ನಿ, ಆದರೆ ಫೋಟೋ ತೆಗೆದು ಅಳತೆ ಬರೆದಿಟ್ಟುಕೊಂಡ ಮೇಲೆ. ಸಣ್ಣ ಯಂತ್ರದ ಬದಲಿ ಗಿಯರನ್ನು ಈಗ ಕೆಲವರು ತ್ರೀಡಿ ಪ್ರಿಂಟರಿನಲ್ಲಿ ನೈಲಾನ್‌ನಿಂದ ಮಾಡಿಕೊಳ್ಳುತ್ತಾರೆ. ಹಗುರ ಥ್ರೆಡ್‌ಗೆ ಅದು ನಡೆಯುತ್ತದೆ, ಹೆಡ್‌ಸ್ಟಾಕ್‌ಗೆ ನಡೆಯದು.

ಸ್ಪಿಂಡಲ್‌ನದನ್ನು ಬಿಟ್ಟರೆ ಉಳಿದ ಬೇರಿಂಗ್‌ಗಳ ವಿಷಯಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ. ಅಂಚಿನ ಮೇಲೆ ಕೊರೆದಿರುವ ಸಂಖ್ಯೆಯೇ ಅದರ ಜಾತಕ. 6205 ಎಂದರೆ ಒಳ ವ್ಯಾಸ 25, ಹೊರಗೆ 52, ಅಗಲ 15 ಮಿ.ಮೀ. ಯಾರು ಮಾಡಿದರೂ ಅಳತೆ ಅದೇ. ಬೆಂಗಳೂರಿನ ಎಸ್‌ಜೆಪಿ ರಸ್ತೆಯಲ್ಲೋ ನಿಮ್ಮೂರಿನ ಬೇರಿಂಗ್ ಅಂಗಡಿಯಲ್ಲೋ ಅಂದೇ ಸಿಗುತ್ತದೆ. ಅಗ್ಗದ ನಕಲಿಗಳಿಂದ ಎಚ್ಚರ.

ಬೀಡಿನ ಭಾಗ ಬಿರುಕು ಬಿಟ್ಟಿದ್ದರೆ ಹೊಸದನ್ನು ಹುಡುಕುವ ಮೊದಲು ಇರುವುದನ್ನು ಉಳಿಸಿಕೊಳ್ಳಲಾದೀತೇ ನೋಡಿ. ಹದವಾಗಿ ಕಾಯಿಸಿ ನಿಕಲ್ ರಾಡ್‌ನಿಂದ ವೆಲ್ಡ್ ಮಾಡಿಸಬಹುದು, ಹಿತ್ತಾಳೆಯಿಂದ ಬ್ರೇಜಿಂಗ್ ಮಾಡಿಸಬಹುದು. ಬ್ರಾಕೆಟ್, ಹಿಡಿಕೆ ಕೂರುವ ದಪ್ಪ ಭಾಗಗಳಿಗೆ ಇದು ಧಾರಾಳ ಸಾಕು. ನಿಖರತೆ ಬೇಕಾದ ಜಾಗದಲ್ಲಿ, ಅಂದರೆ ಬೆಡ್ ಮತ್ತು ಸ್ಲೈಡ್‌ಗಳ ಹತ್ತಿರ, ವೆಲ್ಡಿಂಗ್ ಶಾಖ ಹೋಗಕೂಡದು.

ಮೋಟಾರಿನ ಮಾತು

ಮನೆಯಲ್ಲಿ ಸಿಂಗಲ್ ಫೇಸ್ ಮಾತ್ರ ಇರುವವರು ಹಳೆಯ ತ್ರೀ ಫೇಸ್ ಮೋಟಾರನ್ನು ಅವಸರದಲ್ಲಿ ಎಸೆಯಬಾರದು. ನಮ್ಮ ದೇಶದ ಮೂರು ಎಚ್‌ಪಿವರೆಗಿನ ಮೋಟಾರ್‌ಗಳು ಸಾಮಾನ್ಯವಾಗಿ 415 ವೋಲ್ಟಿಗೆ ಸ್ಟಾರ್ ಜೋಡಣೆಯಲ್ಲಿರುತ್ತವೆ. ಟರ್ಮಿನಲ್ ಬಾಕ್ಸಿನಲ್ಲಿ ಆರು ತುದಿಗಳು ಹೊರಬಂದಿದ್ದರೆ ಮನೆಯ ಕಡಿಮೆ ವೋಲ್ಟಿಗೆ ಹೊಂದುವ ಡೆಲ್ಟಾ ಜೋಡಣೆಗೆ ಬದಲಿಸಿ, ಸಿಂಗಲ್ ಫೇಸ್ ತೆಗೆದುಕೊಂಡು ತ್ರೀ ಫೇಸ್ ಕೊಡುವ ವಿಎಫ್‌ಡಿ ಎಂಬ ಎಲೆಕ್ಟ್ರಾನಿಕ್ ಡ್ರೈವ್‌ನಿಂದ ಓಡಿಸಬಹುದು. ವೇಗ ಬದಲಿಸುವ ಅನುಕೂಲ ಪುಕ್ಕಟೆ. ಮೂರೇ ತುದಿಗಳಿದ್ದರೆ ರಿವೈಂಡಿಂಗ್ ಮಾಡುವವರು ಒಳಗಿನ ಜೋಡಣೆಯನ್ನು ಹುಡುಕಿ ಹೊರತೆಗೆಯಬೇಕಾಗುತ್ತದೆ. ವಿಎಫ್‌ಡಿಗೂ ಮೋಟಾರಿಗೂ ನಡುವೆ ಹಳೆಯ ಹಿಂದೆ-ಮುಂದೆ ಸ್ವಿಚ್ಚನ್ನು ಉಳಿಸಿಕೊಳ್ಳಬೇಡಿ, ಓಡುವಾಗ ಅದನ್ನು ತಿರುಗಿಸಿದರೆ ಡ್ರೈವ್ ಸುಟ್ಟೀತು. ಎನ್‌ಎಚ್22ರಂಥ ದೊಡ್ಡ ಯಂತ್ರಕ್ಕೆ ಈ ಉಪಾಯವನ್ನು ನಾನು ಸೂಚಿಸುವುದಿಲ್ಲ, ತ್ರೀ ಫೇಸ್ ಸಂಪರ್ಕವನ್ನೇ ಪಡೆಯಿರಿ.

ಯಾರಿಗೆ ಯಾವುದು

ಕೈಯಲ್ಲಿ ಕಡಿಮೆ ಹಣ, ಕಲಿಯುವ ಹುಮ್ಮಸ್ಸು ಹೆಚ್ಚು ಎಂದಾದರೆ ಬೆಲ್ಟ್ ಲೇತ್. ಸಂಪಾದನೆಗಾದರೆ ತರಬೇತಿ ಸಂಸ್ಥೆಯಿಂದ ಹೊರಬಿದ್ದ ಎಚ್‌ಎಂಟಿ. ಸರ್ಕಾರಿ ಸಂಸ್ಥೆಗಳ ಹಳೆಯ ಯಂತ್ರಗಳು ಕೇಂದ್ರ ಸರ್ಕಾರದ ಹರಾಜು ಸಂಸ್ಥೆ ಎಂಎಸ್‌ಟಿಸಿ ಮೂಲಕ ಆನ್‌ಲೈನ್ ಹರಾಜಿಗೆ ಬರುತ್ತವೆ, ಇದ್ದಲ್ಲಿ ಇದ್ದ ಸ್ಥಿತಿಯಲ್ಲಿ ಎಂಬ ಷರತ್ತಿನ ಮೇಲೆ. ಆದ್ದರಿಂದ ಬೆಲೆ ಕೂಗುವ ಮೊದಲು ಡಯಲ್ ಗೇಜ್ ಹಿಡಿದು ಹೋಗಿ ನೋಡಿ ಬರಬೇಕು. ಸಮಯವಿದ್ದು, ಹಳೆಯ ಟರ್ನರ್ ಒಬ್ಬರ ನೆರವೂ ಇದ್ದು, ನಮ್ಮೂರಿನ ಯಂತ್ರವೊಂದನ್ನು ಉಳಿಸುವ ಅಭಿಮಾನವಿದ್ದರೆ ಪೂರ್ತಿ ಇರುವ ಕಿರ್ಲೋಸ್ಕರ್. ಸೂಕ್ಷ್ಮ ಕೆಲಸಕ್ಕೆ ಮೈಫೋರ್ಡ್. ಮುಂದಿನ ತಿಂಗಳೇ ಗಿರಾಕಿಗೆ ಜಾಬ್ ಕೊಡಬೇಕಾದವರು ಮಾತ್ರ ಯಾವ ಹಳೆಯ ಲೇತನ್ನೂ ನೆಚ್ಚಿಕೊಳ್ಳದೆ, ಓಡುತ್ತಿರುವ ಯಂತ್ರವನ್ನೇ ಹೆಚ್ಚು ಬೆಲೆ ಕೊಟ್ಟು ಕೊಳ್ಳಲಿ.

ಯಾವುದನ್ನು ಆರಿಸಿದರೂ ಯಂತ್ರದ ಬೆಲೆಯ ಅರ್ಧದಷ್ಟನ್ನಾದರೂ ಬಿಡಿಭಾಗಕ್ಕೆಂದು ಬೇರೆ ಎತ್ತಿಡಿ. ಹಣ ಕೊಡುವ ಮುನ್ನ ಅಂಗಡಿಯವರ ಗಿಯರ್ ರಾಶಿಯನ್ನೂ ಒಮ್ಮೆ ಕೆದಕಿ ನೋಡಿ. ಬದಲಿ ಗಿಯರುಗಳು, ಫೇಸ್ ಪ್ಲೇಟ್, ಸ್ಟೆಡಿ, ನಾಲ್ಕು ಜಾದ ಚಕ್ ಇವು ಸಾಮಾನ್ಯವಾಗಿ ಯಂತ್ರದ ಜೊತೆಗೇ ಲಾರಿಯಿಂದ ಇಳಿದು ಬೇರೆ ಮೂಲೆ ಸೇರಿರುತ್ತವೆ. ಚೌಕಾಶಿ ನಡೆಯುತ್ತಿರುವಾಗ ಕೇಳಿದರೆ ಕಿಲೋ ಲೆಕ್ಕದಲ್ಲಿ ಕೊಡುತ್ತಾರೆ. ಲೇತ್ ಮನೆ ಸೇರಿದ ಮೇಲೆ ಕೇಳಿಕೊಂಡು ಹೋದರೆ ಅದೇ ಗಿಯರಿಗೆ ಒಂದೊಂದಕ್ಕೂ ಬೇರೆ ಬೆಲೆ.